ಬನ್ ತಿಂದ ಹುಡುಗಿಗೆ

ಬೇಯೋ ತಿಂಗಳು, ಮೂರನೇ ವಾರ. ಇದು ನಮ್ಮ ವರ್ಷದ ಹದಿಮೂರನೇ ತಿಂಗಳು, ನಿಮ್ಮ ಕ್ಯಾಲೆಂಡರಲ್ಲಿ ಇರಲ್ಲ, ಹುಡುಕಬೇಡ. ನಿಮ್ಮ ಲೆಕ್ಕಕ್ಕೆ ಇಸವಿ 2271.

ಬನ್ ತಿಂದ ಹುಡುಗಿ,

ನಿನ್ನ ಹೆಸರು ಗೊತ್ತಿಲ್ಲ, ಅದಕ್ಕೆ ಹಿಂಗೆ ಕರೀತಿದೀನಿ. ಸಿಟ್ಟು ಬಂದ್ರೆ ಬರ್ಲಿ. ನಂಗಿರೋ ಸಿಟ್ಟಿನ ಮುಂದೆ ನಿಂದು ಏನೂ ಅಲ್ಲ. ನನ್ನ ಮಾತು ಒರಟು, ಸ್ಕೂಲು ಅರ್ಧಕ್ಕೆ ಬಿಟ್ಟೋಳು ನಾನು. ಕೆಲವು ಪದ ನಿನ್ನ ಕಾಲಕ್ಕೆ ಇನ್ನೂ ಹುಟ್ಟೇ ಇರಲ್ಲ, ಅಂತಾವು ಬಂದಾಗ ಬಿಡಿಸಿ ಹೇಳ್ತೀನಿ. ಅದಕ್ಕಿಂತ ಜಾಸ್ತಿ ಕ್ಷಮೆ ಕೇಳಲ್ಲ.

ಈ ಕಾಗದ ನಿಂಗೆ ಮುಟ್ಟಲ್ಲ ಅಂತ ನಮಗೆ ಸೀರಿಯಲ್ ತೋರಿಸೋ ಚೌಡಪ್ಪ ತಾತ ಹೇಳ್ತಾನೆ. ನೀವು ಆಡಿದ ಮಾತು ಇಷ್ಟು ವರ್ಷ ದಾಟ್ಕೊಂಡು ಬಂದು ನಮ್ಮ ಮನೆ ಹಾಳು ಮಾಡ್ತಲ್ಲ, ನಮ್ಮದು ಒಂದು ಮಾತು ನಿಮಗೆ ಮುಟ್ಟಿದ್ರೆ ಯಾರಪ್ಪನ ಗಂಟು ಹೋಗುತ್ತೆ?

ನಾವಿರೋದು ಕೋಲಾರದ ಕಡೆ, ಹಳೇ ಚಿನ್ನದ ಗಣಿ ಒಳಗೆ. ಚಿನ್ನ ಯಾವತ್ತೋ ಮುಗೀತು, ತೂತು ಉಳೀತು, ಆ ತೂತಲ್ಲಿ ನಾವು. ಮೇಲೆ ಬಿಸಿಲು ಕೊಲ್ಲುತ್ತೆ. ಮಾತಿಗೆ ಹೇಳ್ತಿಲ್ಲ, ನಿಜವಾಗ್ಲೂ ಕೊಲ್ಲುತ್ತೆ. ಹೊತ್ತು ಮಾರುದ್ದ ಏರಿದ್ರೆ ಕೊಂಬು ಊದ್ತಾರೆ, ಕೊಂಬು ಊದಿದ ಮೇಲೆ ಯಾರೂ ಹೊರಗಿರಂಗಿಲ್ಲ. ಕೆಳಗೆ ಕತ್ತಲಲ್ಲಿ ಅಣಬೆ ಬೆಳೀತೀವಿ. ಅದನ್ನ ಒಣಗಿಸಿ, ಬೀಸಿ, ಮುದ್ದೆ ತೊಳಸ್ತೀವಿ. ರಾಗಿ ಮುದ್ದೆ ಹಬ್ಬಕ್ಕೆ ಮಾತ್ರ, ಅದೂ ನಿಂಬೆಹಣ್ಣಿನ ಗಾತ್ರ. ಸಂಜೆ ಬಿಸಿಲು ಇಳಿದ ಮೇಲೆ ನಾನು ಕೆದಕೋಕೆ ಹೋಗ್ತೀನಿ. ಕೆದಕೋದು ಅಂದ್ರೆ ನಿಮ್ಮ ಕಸದ ಗುಡ್ಡ ಅಗೆದು ತಾಮ್ರ, ತಗಡು, ತಂತಿ ಹೆಕ್ಕೋದು. ನಿಮ್ಮ ಕಸದಲ್ಲೇ ನಮ್ಮ ಸಂಸಾರ ಕಣೆ. ನಾನು ಉಣ್ಣೋ ತಟ್ಟೆ ನಿಮ್ಮ ಯಾವುದೋ ಸ್ಕೂಟರಿನ ಹೊಟ್ಟೆ.

ಗಣಿ ಬಾಯಿ ಪಕ್ಕ ಒಂದು ಬಿಳೀ ಗುಡ್ಡ ಐತೆ. ಚಿನ್ನ ತೊಳೆದು ಚೆಲ್ಲಿದ ಮಣ್ಣು, ಸೈನೈಡ್ ಗುಡ್ಡ ಅಂತಾರೆ. ಹುಲ್ಲೂ ಬೆಳೆಯಲ್ಲ. ಅದರ ನೆತ್ತಿ ಮೇಲೆ ನಮ್ಮ ಬಲೆಗಳವೆ, ರಾತ್ರಿ ಬಿದ್ದ ಇಬ್ಬನಿ ಹಿಡಿಯೋ ಬಲೆ. ನಾವು ಕುಡಿಯೋ ನೀರು ಅಷ್ಟೇ. ದಿನಾ ಒಂದು ಮನೆಯೋರು ಕತ್ತಲಿದ್ದಂಗೇ ಗುಡ್ಡ ಹತ್ತಬೇಕು, ಬಲೆ ಹಿಂಡಿ ಬಕೆಟ್ ತುಂಬಿಸ್ಬೇಕು, ಆಮೇಲೆ ಸೂರ್ಯ ಹುಟ್ಟಿದ ಕೂಡ್ಲೇ ಕನ್ನಡಿ ಎತ್ತಿ ಆಕಾಶಕ್ಕೆ ಬೆಳಕು ಹೊಡೀಬೇಕು. ಇದಕ್ಕೆ ಕನ್ನಡಿ ಸರದಿ ಅಂತೀವಿ. ಬೆಳಕು ಯಾರಿಗೆ ಗೊತ್ತಾ? ನಿಮ್ಮ ಆಕಾಶದೋಣಿಗೆ.

ಮಧ್ಯಾಹ್ನ ಎಲ್ಲರೂ ದೊಡ್ಡ ಗುಹೆಲಿ ಸೇರ್ತೀವಿ, ಅದು ಪರದೆ ಹೊತ್ತು. ಚೌಡಪ್ಪ ತಾತ ಹಳೇ ಮಿಷನ್ನಿಗೆ ಚಿಪ್ಪು, ಅಂದ್ರೆ ನಿಮ್ಮ ಚಿತ್ರ ತುಂಬಿರೋ ಉಗುರಷ್ಟು ತುಂಡು, ಸಿಕ್ಕಿಸಿ ಬಟ್ಟೆ ಮೇಲೆ ಸೀರಿಯಲ್ ಬಿಡ್ತಾನೆ. ನಮ್ಮತ್ರ ಇರೋದು ಒಂದೇ ಸೀರಿಯಲ್, ಟೀವಿ ಅನ್ನೋ ಡಬ್ಬ ನಿಮ್ಮ ಮನೆ ಮನೇಲಿದ್ದಾಗ ನೀವು ಮಾಡಿದ್ದು, ಆಕಾಶದೋಣಿ. ಮುಗಿದ್ರೆ ಮತ್ತೆ ಮೊದಲಿಂದ. ಕ್ಯಾಪ್ಟನ್ ಸುಮಿತ್ರಾ ನಕ್ಷತ್ರದಿಂದ ನಕ್ಷತ್ರಕ್ಕೆ ದೋಣಿ ಓಡಿಸ್ಕೊಂಡು, ಸಿಕ್ಕಾಕ್ಕೊಂಡೋರನ್ನ ಹತ್ತಿಸ್ಕೊಂಡು ಬರ್ತಾಳೆ. ಪ್ರತಿ ಸಲ ಕೊನೇಲಿ ನೆಟ್ಟಗೆ ನಮ್ಮ ಕಡೆ ತಿರುಗಿ ಹೇಳ್ತಾಳೆ: "ಬೆಳಕು ತೋರಿಸ್ತಾ ಇರಿ. ಬೆಳಕು ಕಂಡ ಕಡೆ ದೋಣಿ ಬಂದೇ ಬರುತ್ತೆ." ನಮ್ಮ ಮಕ್ಕಳು ಅಮ್ಮ ಅನ್ನೋದು ಕಲಿಯೋ ಮುಂಚೆ ಈ ಮಾತು ಕಲೀತಾವೆ.

ಇದೆಲ್ಲಾ ನಿಜ ಅಂತ ನಂಬಿದ್ರಾ ಅಂತ ನೀನು ನಗಬಹುದು. ನಮ್ಮಲ್ಲಿ ನಾಟಕ ಅನ್ನೋದೇ ಇಲ್ಲ ಕಣೆ. ವೇಷ ಇಲ್ಲ, ಬಣ್ಣ ಇಲ್ಲ. ಒಬ್ಬಳು ಇನ್ನೊಬ್ಬಳಾಗಿ ನಿಂತು ಅಳೋದು ಒಂದು ಕೆಲಸ ಅಂತ ಯಾರಿಗೆ ಹೊಳೀಬೇಕು? ನಾನೊಬ್ಬಳು ಸ್ಕೂಲಲ್ಲಿ ಕೇಳಿದ್ದೆ, "ಮೇಷ್ಟ್ರೇ, ಇಷ್ಟು ವರ್ಷ ಆಯ್ತಲ್ಲ, ಸುಮಿತ್ರಾಗೆ ಈಗ ವಯಸ್ಸೆಷ್ಟು?" ಮೇಷ್ಟ್ರು ಅಂಗೈ ಮೇಲೆ ಬಾರಿಸಿದ್ರು. ನಾನು ಕೋಲು ಕಿತ್ಕೊಂಡು ತಿರುಗಿ ಬಾರಿಸಿದೆ. ಅಲ್ಲಿಗೆ ನನ್ನ ಓದು ಮುಗೀತು.

ಅವತ್ತು ಮನೇಲಿ ಎಲ್ಲರೂ ಬೈದ್ರು, ನಕ್ಕಿದ್ದು ರತ್ನಕ್ಕ ಒಬ್ಬಳೇ. ನನ್ನ ಅಕ್ಕ. ಪೂರ್ತಿ ಹೆಸರು ಮುನಿರತ್ನ, ಅಮ್ಮ ಕರೆಯೋದು ರತ್ನಿ. "ಏನೇ ಸೊಣ್ಣಿ, ದೋಣಿ ಬಂದ್ರೂ ನಿನ್ನ ಹತ್ತಿಸ್ಕೊಳ್ಳಲ್ಲ ಬಿಡು, ಬಾಯಿ ಜೋರು ಅಂತ ಇಲ್ಲೇ ಬಿಟ್ಟು ಹೋಗ್ತಾರೆ" ಅಂದ್ಲು. "ಹೋಗೆ, ನಿನ್ನ ಹತ್ತಿಸ್ಕೊಂಡ್ರೆ ದೋಣಿನೇ ಮುಳುಗುತ್ತೆ, ದಪ್ಪಿ" ಅಂದೆ ನಾನು. ಅವಳು ದಪ್ಪ ಏನಿರಲಿಲ್ಲ. ನಮ್ಮಲ್ಲಿ ದಪ್ಪ ಯಾರಿದಾರೆ?

ಹೋದ ತಿಂಗಳು ನಮ್ಮ ಮನೆ ಸರದಿ ಬಂತು. ರತ್ನಕ್ಕ ಹತ್ತಿದ್ಲು. ಸೂರ್ಯ ಹುಟ್ಟೋ ಹೊತ್ತಿಗೆ ಆಕಾಶದಲ್ಲಿ ಏನೋ ಮಿನುಗ್ತಾ ಹೋಯ್ತಂತೆ. ನೀವು ಮೇಲಕ್ಕೆ ಹಾರಿಸಿ ಮರೆತುಬಿಟ್ಟ ಯಾವುದೋ ತಗಡು, ಇನ್ನೂ ಸುತ್ತುತ್ತಾ ಐತೆ ಅಷ್ಟೇ. ಗಣಿ ಬಾಯಲ್ಲಿದ್ದೋರಿಗೆ ಅವಳ ಕೂಗು ಕೇಳಿಸ್ತು, "ಕಂಡ್ತು! ಅಮ್ಮಾ, ಕಂಡ್ತು!" ಅಂತ. ಕೊಂಬು ಊದಿದ್ರು. ಇಳೀಲಿಲ್ಲ. ಮತ್ತೆ ಊದಿದ್ರು. ಅಮ್ಮ ಮೇಲೆ ಓಡೋಕೆ ಹೋದ್ಲು, ಮೂರ್ನಾಲ್ಕು ಜನ ಹಿಡ್ಕೊಂಡ್ರು. ಹಿಡ್ಕೊಂಡೋರಲ್ಲಿ ನಾನೂ ಒಬ್ಬಳು. ಸಂಜೆ ಹೋಗಿ ನೋಡಿದ್ರೆ ಕೂತಂಗೇ ಇದ್ಲು, ಮಡಿಲಲ್ಲಿ ಕನ್ನಡಿ, ಮುಖ ಮೇಲಕ್ಕೆ. ಬಕೆಟ್ ತುಂಬಾ ನೀರಿತ್ತು. ಆವಿ ಆಗಬಾರದು ಅಂತ ತಲೆ ಮೇಲಿನ ಬಟ್ಟೆ ತೆಗೆದು ಅದಕ್ಕೆ ಮುಚ್ಚಿದ್ಲು. ಒಂದು ಗುಟುಕೂ ಕುಡಿದಿರಲಿಲ್ಲ.

ಅವತ್ತಿಂದ ಅಮ್ಮಂದು ಒಂದೇ ಮಾತು. "ರತ್ನಿ ಕಂಡಿದ್ಲು. ದೋಣಿ ಹತ್ರ ಬಂದಿತ್ತು, ಇನ್ನೊಂಚೂರು ಬೆಳಕು ಬೇಕಿತ್ತು. ನನ್ನ ಸರದಿ ಬರ್ಲಿ, ಕೊಂಬು ಊದಿದ್ರೂ ನಾನು ಇಳಿಯಲ್ಲ." ಹಠ ಅಂದ್ರೆ ಅಮ್ಮಂದೇ, ನಂಗೆ ಬಂದಿರೋದೂ ಅವಳಿಂದಾನೇ. ಸರದಿ ಹತ್ರ ಬರ್ತಾ ಇತ್ತು. ಅವಳು ಕನ್ನಡಿ ಉಜ್ಜೋದು, ನಾನು ಹಲ್ಲು ಕಚ್ಚೋದು.

ಅಂತಾ ಹೊತ್ತಲ್ಲಿ ನೀನು ಸಿಕ್ಕಿದೆ. ಕಸದ ಗುಡ್ಡದಲ್ಲಿ ಒಂದು ಸ್ಟೀಲ್ ಡಬ್ಬಿ. ಒಳಗೆ ಬಟ್ಟೆ, ಬಟ್ಟೆ ಒಳಗೆ ಪ್ಲಾಸ್ಟಿಕ್, ಅದರೊಳಗೆ ಚಿಪ್ಪು. ಮೇಲೆ "ಆಕಾಶದೋಣಿ, ಕೊನೇ ಕಂತು" ಅಂತ ಬರೆದಿತ್ತು. ಕೊನೇ ಕಂತು ಅಂತ ಒಂದು ಐತೆ ಅಂತಾನೇ ನಮಗೆ ಯಾರೂ ಹೇಳಿರಲಿಲ್ಲ. ಓಡ್ಕೊಂಡು ತಾತನ ಹತ್ರ ಹೋದೆ. ಅವನು ಬರಹ ನೋಡಿದ, ಡಬ್ಬಿ ಮುಚ್ಚಿ ವಾಪಸ್ ಕೊಟ್ಟ.

"ಇದು ಬೇಡ ಕಣವ್ವ. ಎಸೆದು ಬಾ."

"ಯಾಕೆ?"

"ದೊಡ್ಡೋರು ಹೇಳಿದ್ರೆ ಕೇಳಬೇಕು."

"ಕೇಳಿದ್ದು ಸಾಕು. ಹಾಕ್ತೀಯೋ, ಮಿಷನ್ ಹೊತ್ಕೊಂಡು ಹೋಗ್ಲೋ?"

ಹಾಕಿದ. ನಾವಿಬ್ಬರೇ ಕೂತು ನೋಡಿದ್ವಿ.

ನಿಂಗೆ ನೆನಪಿರುತ್ತೋ ಇಲ್ವೋ, ನಾನು ಹೇಳ್ತೀನಿ. ಬೂದಿ ಬಣ್ಣದ ಒಂದು ಚಂದ್ರ. ಮುರಿದ ಗೂಡು. ಎಲ್ಲರೂ ಹೋಗಿ ನೀನೊಬ್ಬಳೇ ಉಳಿದಿದೀಯ. ಮುಂದೆ ಒಂದು ದೀಪ. ಕಾಣದಿರೋ ದೋಣಿ ಜೊತೆ ದಿನಾ ಮಾತಾಡ್ತೀಯ, ಏನು ತಿಂದೆ, ಏನು ಒಡೆದುಹಾಕಿದೆ, ಯಾಕೆ ಅಳಲಿಲ್ಲ ಅಂತ. ಅಲ್ಲಿ ದೋಣೀಲಿ ಸುಮಿತ್ರಾಗೆ ನಿನ್ನ ದೀಪ ಚುಕ್ಕಿಯಂಗೆ ಕಾಣುತ್ತೆ. ಮೇಲಿನೋರು ಹೋಗಬೇಡ ಅಂದ್ರೂ ಕೇಳ್ದೆ ದೋಣಿ ತಿರುಗಿಸ್ತಾಳೆ. ಬರೋ ಹೊತ್ತಿಗೆ ದೀಪ ಉರೀತಾ ಐತೆ, ನೀನು ಗೋಡೆಗೆ ಒರಗಿ ಕಣ್ಣು ಮುಚ್ಚಿದೀಯ. ಸುಮಿತ್ರಾ ಮಂಡಿ ಊರ್ತಾಳೆ. ಕೈಗವಸು ತೆಗೆದು ನಿನ್ನ ಕೆನ್ನೆ ಮೇಲೆ ಬರೀ ಕೈ ಇಡ್ತಾಳೆ. ಹಾಡಿಲ್ಲ, ಮಾತಿಲ್ಲ, ಎಷ್ಟೋ ಹೊತ್ತು ಹಂಗೇ. ಆಮೇಲೆ "ತಡ ಆಯ್ತು ಕಂದಾ" ಅಂತಾಳೆ. ಎದ್ದು ಹೋಗುವಾಗ ದೀಪ ಆರಿಸಲ್ಲ. ತನ್ನ ದೀಪದ ಎಣ್ಣೆ ನಿನ್ನದಕ್ಕೆ ಸುರಿದು, "ಇನ್ಯಾರಾದ್ರೂ ನೋಡ್ತಿರ್ತಾರೆ" ಅಂತಾಳೆ.

ರತ್ನಕ್ಕ ಸತ್ತಾಗ ನಾನು ಅತ್ತಿರಲಿಲ್ಲ. ಎಲ್ಲರನ್ನೂ ಬೈಕೊಂಡು ಓಡಾಡಿದ್ದೆ. ಅಲ್ಲಿ ಬಾಯಿ ತೆಗೆದು ಅತ್ತೆ, ಹಸು ಕೂಗಿದಂಗೆ. ಇಷ್ಟು ವರ್ಷದಲ್ಲಿ ಇಂತಾದ್ದು ನಾನು ನೋಡೇ ಇಲ್ಲ. ನಮ್ಮ ಅಕ್ಕನ್ನ ಯಾರೋ ನೋಡಿದ್ರು, ಯಾರೋ ಬಂದು ಕೆನ್ನೆ ಮುಟ್ಟಿದ್ರು ಅನ್ನಿಸ್ತು.

ಪರದೆ ಕಪ್ಪಾಯ್ತು. ನಿಮ್ಮೋರ ಹೆಸರುಗಳು ಬಂದ್ವು, ಹೋದ್ವು. ತಾತ ಕೈ ಚಾಚಿದ, ನಾನು ತಡೆದೆ. ಮತ್ತೆ ಚಿತ್ರ ಬಂತು.

ಯಾರೋ ಕೂಗಿದ್ರು, "ಕಟ್! ಸೂಪರ್ ಆಗಿ ಬಂತು." ಸುಮಿತ್ರಾ ಮೂಗು ಒರೆಸ್ಕೊಂಡು, "ಅಯ್ಯೋ, ಒಂದು ಲೋಟ ಕಾಫಿ ಕೊಡ್ರಪ್ಪಾ ಯಾರಾದ್ರೂ" ಅಂದ್ಲು. ಒಬ್ಬ ಬಂದು ಚಂದ್ರನ ಬಂಡೆನ ಕಂಕುಳಲ್ಲಿ ಇಟ್ಕೊಂಡು ಹೋದ, ದಿಂಬಿನ ಥರ. ಗೋಡೆ ಅಲ್ಲಾಡ್ತು, ಹಿಂದೆ ಬರೀ ಹಲಗೆ, ಗೂಟ. ಇನ್ಯಾರೋ "ಪಾಪು, ಸಾಕು ಏಳಮ್ಮ, ಬನ್ ತಗೋ" ಅಂದ್ರು. ನೀನು ಮೊದಲು ಒಂದೇ ಕಣ್ಣು ತೆಗೆದೆ. "ಇನ್ನೊಂದ್ಸಲ ಸಾಯಬೇಕಾ ಅಂಕಲ್?" ಅಂದೆ. ಎಲ್ಲರೂ ನಕ್ಕರು. "ಬೇಡ ಪುಟ್ಟಿ, ಚೆನ್ನಾಗಿ ಸತ್ತಿದೀಯ" ಅಂದ್ರು. ನೀನು ಎದ್ದು, ಲಂಗ ಕೊಡವ್ಕೊಂಡು, ಕಾಲು ಅಲ್ಲಾಡಿಸ್ತಾ ಬನ್ ತಿಂದೆ.

ನಿನ್ನ ಕತ್ತು ಹಿಸುಕಬೇಕು ಅನ್ನಿಸ್ತು ನಂಗೆ. ನೀನು ಎದ್ದೆ. ನನ್ನ ಅಕ್ಕ ಏಳಲಿಲ್ಲ.

ತಾತನ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತು."

"ಪರದೆ ಮನೆಯೋರಿಗೆಲ್ಲಾ ಗೊತ್ತಿತ್ತು. ನಮ್ಮಪ್ಪ ನಂಗೆ ಹೇಳಿದ, ಅವನಿಗೆ ಅವರಪ್ಪ."

"ಮತ್ಯಾಕೋ ಹತ್ತಿಸ್ತೀರ? ನೀರಿಗೆ ಅಂದ್ರೆ ಜನ ಹತ್ತಲ್ವಾ?"

"ಮೊದಲು ನೀರಿಗೆ ಅಂತಾನೇ ಹೇಳಿದ್ರಂತೆ. ಅವರು ಹೋಗ್ಲಿ, ಇವರು ಹೋಗ್ಲಿ ಅಂತ ಎಲ್ಲರೂ ಕೂತ್ರು. ಕೂತು ಬಾಯಾರಿ ಸತ್ರು. ದೋಣಿ ಬರುತ್ತೆ ಅಂದ ಮೇಲೆ ನಾ ಮುಂದು ತಾ ಮುಂದು ಅಂತ ಹತ್ತಿದ್ರು. ಏನು ಮಾಡ್ಲಿ ಹೇಳು, ಜನ ನೀರಿಗೆ ಏಳಲ್ಲ, ಆಸೆಗೆ ಏಳ್ತಾರೆ."

"ರತ್ನಕ್ಕನೂ ಆಸೆಗೇ ಎದ್ದಿದ್ದು."

ಅವನು ತಿರುಗಿ ಬೈದಿದ್ರೆ ಚೆನ್ನಾಗಿತ್ತು. ತಲೆ ತಗ್ಗಿಸ್ಕೊಂಡು ಕೂತ. ಮುದುಕನಿಗೆ ಏನಂತ ಹೊಡೀಲಿ?

ಅಮ್ಮನ ಕೈ ಹಿಡಿದು ಎಳ್ಕೊಂಡು ಬಂದೆ. ಮಾರನೇ ದಿನ ಅವಳ ಸರದಿ, ಬೇರೆ ದಾರಿ ಇರಲಿಲ್ಲ. ಹಲಗೆ ನೋಡಿದ್ರೆ ಗೋಳಾಡ್ತಾಳೆ, ಶಾಪ ಹಾಕ್ತಾಳೆ, ಹಾಕ್ಲಿ, ಬದುಕಿರ್ತಾಳೆ ಅಂತ ಲೆಕ್ಕ ಹಾಕಿದ್ದೆ. ಅವಳು ಕಣ್ಣು ಮಿಟುಕಿಸದೆ ನೋಡಿದ್ಲು. ಸುಮಿತ್ರಾ ನಿನ್ನ ಕೆನ್ನೆ ಮುಟ್ಟಿದಾಗ ಅಮ್ಮನ ಕೈ ಸೆರಗು ಹಿಂಡ್ತಾ ಇತ್ತು. ಗೋಡೆ ಅಲ್ಲಾಡಿದಾಗ ಉಸಿರು ಎಳ್ಕೊಂಡ್ಲು. ನೀನು ಎದ್ದು ಕೂತಾಗ ತಾನೂ ಎದ್ದು, ಪರದೆ ಹತ್ರ ಹೋಗಿ, ಬಟ್ಟೆ ಮೇಲೆ ನಿನ್ನ ಮುಖ ಇದ್ದ ಕಡೆ ಬೆರಳಿಟ್ಟಳು.

"ಹಸಿದಿತ್ತು ಪಾಪ. ನೋಡು ಹೆಂಗೆ ತಿಂತಾ ಐತೆ."

"ಅಮ್ಮ, ಅರ್ಥ ಆಯ್ತಾ? ದೋಣಿ ಇಲ್ಲ."

"ಆಯ್ತು ಬಿಡೆ. ನಂಗೇನು ಕಣ್ಣಿಲ್ವಾ."

ಬಟ್ಟೆ ಮೇಲಿಟ್ಟ ಬೆರಳು ತೆಗೀಲಿಲ್ಲ. ಆಮೇಲೆ ಹೇಳಿದ್ಲು, "ಸದ್ಯ. ಆ ಮಗು ಆದ್ರೂ ಎದ್ದಿತಲ್ಲ."

ತಾತನಿಗೆ ಹೇಳಿ ಇನ್ನೊಂದ್ಸಲ ಹಾಕಿಸಿದ್ಲು. ದೋಣಿ ಬೇಡ, ಚಂದ್ರ ಬೇಡ, ನೀನು ಏಳೋದು ಅಷ್ಟೇ. ನೀನು ಒಂದು ಕಣ್ಣು ತೆಗೀತೀಯ, ಅಮ್ಮ ನಗ್ತಾಳೆ, ಅಳ್ತಾಳೆ. ಮತ್ತೆ ಹಾಕು ಅಂತಾಳೆ.

ಬೆಳಿಗ್ಗೆ ಗುಡ್ಡ ಹತ್ತಿದ್ಲು, ಕನ್ನಡಿ ತಗೊಂಡೇ. ಅದು ನೋಡಿ ನಾನೂ ಹಿಂದೆ ಹೋದೆ. ಬಲೆ ಹಿಂಡಿದ್ಲು, ಬಕೆಟ್ ತುಂಬಿಸಿದ್ಲು. ಸೂರ್ಯ ಹುಟ್ಟಿದಾಗ ಕನ್ನಡಿ ಎತ್ತಿ ಒಂದೇ ಒಂದು ಸಲ ಬೆಳಕು ಹೊಡೆದ್ಲು. "ಯಾರಿಗಮ್ಮ?" ಅಂದೆ. "ಆ ಮಗೂಗೆ" ಅಂದ್ಲು. ರತ್ನಕ್ಕ ಕೂತಿದ್ದ ಜಾಗದಲ್ಲಿ ಒಂದು ಬೊಗಸೆ ನೀರು ಹೊಯ್ದಳು. ನಮ್ಮಲ್ಲಿ ನೀರು ನೆಲಕ್ಕೆ ಚೆಲ್ಲೋದು ಮಹಾ ತಪ್ಪು, ನಾನು ಆಕಡೆ ತಿರುಗಿದೆ. ಕೊಂಬಿಗೆ ಮುಂಚೆ ಅವಳೇ "ನಡಿಯೇ, ಬಿಸಿಲು ಏರುತ್ತೆ" ಅಂತ ನನ್ನ ಬೈಕೊಂಡು ಇಳಿದ್ಲು.

ಅವತ್ತು ಪರದೆ ಹೊತ್ತಲ್ಲಿ ಎಲ್ಲರ ಮುಂದೆ ಹಾಕಿಸಿದೆ. ಕೆಲವರು ತಾತನ ಮೇಲೆ ಚಪ್ಪಲಿ ಎಸೆದ್ರು, ಕೆಲವರು ನನ್ನ ಮೇಲೆ. ಮಾರನೇ ದಿನ ಸರದಿ ಮನೆಯೋರು ಹತ್ತುತಾರೋ ಇಲ್ವೋ ಅಂತ ನೋಡ್ತಾ ನಿಂತಿದ್ದೆ. ಹತ್ತಿದ್ರು. ಬಾಯಿಗೆ ಬಂದಂಗೆ ಬೈಕೊಂಡು ಹತ್ತಿದ್ರು. ಕನ್ನಡಿನೂ ತಗೊಂಡೇ ಹೋದ್ರು. ಯಾಕೆ ಅಂತ ನಾನು ಕೇಳಲಿಲ್ಲ.

ಈಗ ನಿನ್ನ ಹತ್ರ ಒಂದು ಕೆಲಸ ಐತೆ. ದೋಣಿ ಕಳಿಸು ಅನ್ನಲ್ಲ. ನೀವು ಬರೋದೂ ಬೇಡ. ಆ ಹೆಸರುಗಳು ಬರ್ತಾವಲ್ಲ, ಅದರಲ್ಲಿ ದೀಪ ಹಿಡಿದೋರ ಹೆಸರೈತೆ, ಹಲಗೆ ಹೊಡೆದೋರ ಹೆಸರೈತೆ, ನಿಂದು ಇಲ್ಲ. "ಮತ್ತು ಇತರರು" ಅಂತ ಐತೆ. ಅದು ನೀನೇ ಇರಬೇಕು. ಅಮ್ಮ ದಿನಾ ಕೇಳ್ತಾಳೆ, ಆ ಮಗು ಹೆಸರೇನು ಅಂತ. ನಿನ್ನ ಹೆಸರು ಒಂದು ತಗಡಿನ ಮೇಲೆ ಆಳವಾಗಿ ಕೆತ್ತು, ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚು, ಕಸಕ್ಕೆ ಎಸಿ. ಎಲ್ಲಿಗಾದ್ರೂ ಎಸಿ. ಕಸ ಕೆದಕೋದೇ ನನ್ನ ಕೆಲಸ, ನಂಗೆ ಸಿಗುತ್ತೆ.

ಬೇಗ ಮಾಡು. ನಿನ್ನೆ ನೀನು ಬನ್ ತಿನ್ನೋದು ನೋಡ್ತಾ ಅಮ್ಮ, "ನಿಧಾನಕ್ಕೆ ತಿನ್ನೇ ರತ್ನಿ" ಅಂದ್ಲು.

ಸೊಣ್ಣಿ