ಚಿವುಟುವ ಕೈ, ತೂಗುವ ಕೈ

ಸಮುದಾಯ ಪ್ರತಿಷ್ಠಾನದ ಮಾನ್ಯ ಅಧ್ಯಕ್ಷರೇ,

ನಮ್ಮ ದುಡ್ಡಿನಿಂದಲೇ ನಮ್ಮನ್ನು ಬೀದಿಗೆ ಹಾಕಿಸುತ್ತಿದ್ದೀರಿ. ಈ ಮಾತನ್ನು ನಾಲ್ಕು ನಮಸ್ಕಾರಗಳಾದ ಮೇಲೆ, ಪತ್ರದ ಕೊನೆಯಲ್ಲಿ ಹೇಳುವುದು ಸಭ್ಯತೆ ಎಂದು ನನಗೂ ಗೊತ್ತು. ಆದರೆ ಹಾಗೆ ಸಭ್ಯವಾಗಿ ಬರೆದಾಗಲೆಲ್ಲ ನಿಮ್ಮ ಕಚೇರಿಯಿಂದ ‘ತಮ್ಮ ಕಾಳಜಿಯನ್ನು ಗಮನಿಸಲಾಗಿದೆ’ ಎಂಬ ಒಂದೇ ಉತ್ತರ ಬಂತು. ಗಮನಿಸುವುದಕ್ಕೇನು, ಕಾಗೆಯೂ ಗಮನಿಸುತ್ತದೆ. ಅದಕ್ಕೇ ಈ ಸಲ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಓದುವವರಿಗೆ ಮೊದಲು ವಿಷಯ ತಿಳಿಯಲಿ. ಹಳೆಯ ನೂಲಿನ ಗಿರಣಿಯ ಕಟ್ಟಡದಲ್ಲಿ, ರಸ್ತೆಯ ಮಟ್ಟಕ್ಕೇ ಇರುವ ಒಂದು ಕೋಣೆ. ಹಿಂದೆ ಅಲ್ಲಿ ಗಾಡಿಗಳಿಂದ ಸರಕು ಇಳಿಸುತ್ತಿದ್ದರಂತೆ, ಹಾಗಾಗಿ ಬಾಗಿಲು ಅಗಲ, ಹೊಸ್ತಿಲಿಲ್ಲ. ಆ ಕೋಣೆಯಲ್ಲಿ ಗಾಲಿಕುರ್ಚಿ, ಊರುಗೋಲು ಇಂಥವನ್ನು ರಿಪೇರಿ ಮಾಡಿಕೊಡುತ್ತಾರೆ. ಬಿಡಿಗಾಸನ್ನೂ ಮುಟ್ಟುವುದಿಲ್ಲ. ಶುರು ಮಾಡಿದವರು ಸೈಕಲ್ ರಿಪೇರಿ ಮಾಡುತ್ತಿದ್ದ ನನ್ನ ಭಾವ. ಅವರು ತೀರಿಕೊಂಡ ಮೇಲೆ ಸ್ಪ್ಯಾನರ್ ಹಿಡಿದವಳು ನನ್ನ ಅಕ್ಕ. ನಾನು ಗೋಡೆಗೆ ಬಣ್ಣ ಬಳಿಯುವವನು. ಕೆಲಸವಿಲ್ಲದ ದಿನ ಹೋಗಿ ತುಕ್ಕು ಕೆರೆದು ಕುರ್ಚಿಗಳಿಗೆ ಬಣ್ಣ ಹೊಡೆದು ಬರುತ್ತೇನೆ.

ಆ ಕೋಣೆಗೆ ಭಾವ ಒಂದೇ ಒಂದು ನಿಯಮ ಮಾಡಿದ್ದರು: ಒಂದು ಒಯ್ದವರು ಒಂದು ಬಿಟ್ಟುಹೋಗಬೇಕು. ಬ್ರೇಕ್ ಹಾಕಿಸಿಕೊಂಡವರು ಮನೆಯಲ್ಲಿ ಬಿದ್ದಿರುವ ಒಂದು ನಟ್ಟನ್ನೋ ಬೇರಿಂಗನ್ನೋ ತಂದುಕೊಟ್ಟರೆ ಸಾಕು. ಮುಂದೆ ಬರುವವರಿಗೆ ಅದು ಬೇಕಾಗುತ್ತದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಕುರ್ಚಿಯನ್ನೂ ಜನ ತಳ್ಳಿಕೊಂಡು ಬಂದು ಅಲ್ಲಿ ಬಿಡುತ್ತಾರೆ. ಅಕ್ಕ ಅದನ್ನು ಬಿಚ್ಚಿ ಹತ್ತು ಕುರ್ಚಿಗೆ ಹಂಚುತ್ತಾಳೆ. ಹೀಗಾಗಿ ಈ ಊರಿನಲ್ಲಿ ಯಾರ ಗಾಲಿ ಯಾರ ಕೆಳಗೆ ಉರುಳುತ್ತಿದೆಯೋ ಹೇಳುವುದು ಕಷ್ಟ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿದ್ದಾರೆ, ನಮಗೆಲ್ಲ ಪೋಸ್ಟಣ್ಣ. ಅವರ ಕುರ್ಚಿ ಯಾವಾಗಲೂ ಸ್ವಲ್ಪ ಸೊಟ್ಟಗೆ ಹೋಗುತ್ತದೆ. ಯಾಕೆ ಎಂದು ಕೇಳಿದರೆ ಹೇಳುತ್ತಾರೆ: “ಎಡಗಾಲಿ ಬೇಕರಿಯೋನ್ದು, ಬಲಗಾಲಿ ಮೇಷ್ಟ್ರದು ಕಣಯ್ಯಾ. ಒಂದು ತಿನ್ನೋಕೆ ಎಳೆಯುತ್ತೆ, ಇನ್ನೊಂದು ಬುದ್ಧಿ ಹೇಳೋಕೆ ಎಳೆಯುತ್ತೆ. ನಡುವೆ ನಾನೇನು ಮಾಡ್ಲಿ?”

ಭಾವ ಹೋದಾಗ ಈ ಗಾಲಿಗಳವರೇ ಸೇರಿ, ಅವರ ಹೆಸರಿನಲ್ಲಿ ಏನಾದರೂ ಉಳಿಯಲಿ ಎಂದು ದುಡ್ಡು ಕೂಡಿಸಿದರು. ಅದನ್ನು ಎಲ್ಲಿಡುವುದು? ಆಗ ನಿಮ್ಮ ಪ್ರತಿಷ್ಠಾನದ ಅಧಿಕಾರಿಣಿಯೊಬ್ಬರು ಬಂದು, ಎಣ್ಣೆ ಮೆತ್ತಿದ ಸ್ಟೂಲಿನ ಮೇಲೆ ಸಂಕೋಚವಿಲ್ಲದೆ ಕೂತು ವಿವರಿಸಿದರು. ಊರಿನವರು ಬೇರೆ ಬೇರೆ ಹೆಸರಿನಲ್ಲಿ ಇಟ್ಟ ನಿಧಿಗಳನ್ನೆಲ್ಲ ನೀವು ಒಟ್ಟು ಸೇರಿಸುತ್ತೀರಿ, ಒಳ್ಳೆಯ ಕಡೆ ಹೂಡುತ್ತೀರಿ, ಮೂಲಧನವನ್ನು ಎಂದೂ ಮುಟ್ಟದೆ ಬಂದ ಪ್ರತಿಫಲದಲ್ಲಿ ಒಂದು ಪಾಲನ್ನು ವರ್ಷವರ್ಷ ಊರಿನ ಒಳ್ಳೆಯ ಕೆಲಸಕ್ಕೆ ಕೊಡುತ್ತೀರಿ. ಅಕ್ಕ ಕೇಳಿದಳು, “ಅಂದ್ರೆ ಗಿಡ ಕಡಿಯಲ್ಲ, ಹಣ್ಣು ಮಾತ್ರ ಕೀಳ್ತೀರಿ ಅಂತಾಯ್ತು?”

“ಎಷ್ಟು ಚೆನ್ನಾಗಿ ಹೇಳಿದ್ರಮ್ಮ!” ಎಂದರು ಅಧಿಕಾರಿಣಿ.

ಹೌದು, ಚೆನ್ನಾಗಿಯೇ ಹೇಳಿದಳು. ಆದರೆ ಗಿಡವನ್ನು ಯಾರ ಅಂಗಳ ಅಗೆದು ನೆಡುತ್ತೀರಿ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ದಾನದ ಮನೆಯವರನ್ನು ಅಂಥದ್ದೆಲ್ಲ ಕೇಳಬಾರದು ಎಂದುಕೊಂಡೆವು.

ಇನ್ನು ಕಳೆದ ವಾರ್ಷಿಕ ಸಭೆಯ ವಿಷಯ. ದೊಡ್ಡ ಹಾಲ್, ಮೆತ್ತನೆಯ ಕುರ್ಚಿಗಳು, ಬಾಗಿಲಲ್ಲಿ ಚಹಾ. ಭಾವನ ನಿಧಿಯವರೆಂದು ನಮ್ಮನ್ನು ಮುಂದಿನ ಸಾಲಿನಲ್ಲೇ ಕೂರಿಸಿದಿರಿ. ನಿಮ್ಮ ಹೂಡಿಕೆ ಸಲಹೆಗಾರರು ವೇದಿಕೆಗೆ ಬಂದು, ಪರದೆಯ ಮೇಲೆ ಕೆಂಪು ಚುಕ್ಕಿ ಆಡಿಸುತ್ತಾ, ಈ ವರ್ಷ ಎಲ್ಲಕ್ಕಿಂತ ಹೆಚ್ಚು ಲಾಭ ತಂದದ್ದು ಒಂದು ಕಟ್ಟಡ ಕಂಪನಿಯ ಷೇರು ಎಂದರು. ಹಳೆಯ ಕಟ್ಟಡಗಳನ್ನು ಕೊಂಡು ಹೊಸದು ಮಾಡುವ ಕಂಪನಿಯಂತೆ. ಗುರುತಿಗೆ ಒಂದು ನೀಲಿ ಹಕ್ಕಿ. ಅವರ ಮುಂದಿನ ಯೋಜನೆಯದೆಂದು ಒಂದು ಚಿತ್ರವನ್ನೂ ತೋರಿಸಿದರು: ಕೆಂಪು ಇಟ್ಟಿಗೆಯ ಗೋಡೆ, ಗಾಜು, ಕುಂಡದಲ್ಲಿ ಗಿಡಗಳು, ಒಂದು ಅಗಲ ಬಾಗಿಲಿನ ಮುಂದೆ ಕಾಫಿ ಲೋಟ ಹಿಡಿದು ನಗುತ್ತಿರುವ ತೆಳ್ಳಗಿನ ಜನ.

ಅಕ್ಕ ನನ್ನ ಮೊಣಕೈ ತಿವಿದಳು. “ಆ ಬಾಗಿಲು ನಮ್ಮ ಬಾಗಿಲ ಥರಾನೇ ಇದೆ ನೋಡೋ.”

“ಗಿರಣಿ ಬಾಗಿಲೆಲ್ಲಾ ಒಂದೇ ಥರ ಇರುತ್ತೆ ಕಣೇ ಅಕ್ಕಾ,” ಎಂದೆ ನಾನು, ಜಗತ್ತಿನ ಗಿರಣಿಗಳನ್ನೆಲ್ಲ ಕಂಡವನ ಹಾಗೆ.

ಅಷ್ಟರಲ್ಲಿ ನೀವೇ ಎದ್ದುನಿಂತು, ಇಂಥ ಜಾಣ ಹೂಡಿಕೆಯಿಂದ ನಮ್ಮ ಭಾವನ ನಿಧಿಯೂ ಹೇಗೆ ಬೆಳೆದಿದೆ ಎಂದು ಹೇಳಿದಿರಿ. ಅಕ್ಕನ ಕಣ್ಣು ಒದ್ದೆಯಾಯಿತು. ಹಾಲ್ ಪೂರ್ತಿ ಚಪ್ಪಾಳೆ. ಪೋಸ್ಟಣ್ಣ ಕುರ್ಚಿಯ ಕೈ ಬಡಿದರು. ನಾನು ಎದ್ದುನಿಂತೇ ತಟ್ಟಿದೆ.

ಆ ಸಭೆಯಲ್ಲಿ ನೀವು ಅಕ್ಕನಿಗೆ ಕೊಟ್ಟ ಹೂವಿನ ಗುಚ್ಛ ಬಾಡುವಷ್ಟರಲ್ಲಿ ನಮ್ಮ ಕೋಣೆಗೆ ಇಬ್ಬರು ಬಂದರು. ಮಾತಿಲ್ಲ ಕತೆಯಿಲ್ಲ, ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯತೊಡಗಿದರು. ಕಟ್ಟಡ ಮಾರಾಟವಾಗಿದೆಯಂತೆ. ಇನ್ನು ಮುಂದಿನ ಬಾಡಿಗೆ ಕೇಳಿ ಅಕ್ಕ, “ಇಡೀ ಗಿರಣಿಗಾ?” ಎಂದಳು. ಕಟ್ಟಲಾಗದಿದ್ದರೆ ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. ನಾವು ಅವರ ಮುಖ ನೋಡುತ್ತಿದ್ದೆವು. ಪೋಸ್ಟಣ್ಣ ಅವರ ಅಂಗಿ ನೋಡುತ್ತಿದ್ದರು. ಜೇಬಿನ ಮೇಲೆ ನೀಲಿ ಹಕ್ಕಿ.

“ಅಯ್ಯೋ,” ಎಂದರು ಪೋಸ್ಟಣ್ಣ. “ಈ ಹಕ್ಕೀನ ನಾವೇ ಅಲ್ವೇನ್ರೋ ಚಪ್ಪಾಳೆ ತಟ್ಟಿ ಹಾರಿಸಿದ್ದು!”

ಅಕ್ಕ ಕೈಲಿದ್ದ ಗಾಲಿಯನ್ನು ನೆಲಕ್ಕಿಟ್ಟಳು. ಅದು ತನ್ನಷ್ಟಕ್ಕೆ ಸುತ್ತಿ ಸುತ್ತಿ ಬಿತ್ತು.

ಅಧ್ಯಕ್ಷರೇ, ನಾವು ನಿಮ್ಮ ಕಚೇರಿಗೂ ಬಂದೆವು. ಅದು ಎರಡನೇ ಮಹಡಿಯಲ್ಲಿದೆ. ಲಿಫ್ಟಿನ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಹಲಗೆ ಬಿಸಿಲಿಗೆ ಬಣ್ಣಗೆಟ್ಟಿದೆ. ಪೋಸ್ಟಣ್ಣ ಕೆಳಗೇ ಉಳಿದರು. ಜೀವಮಾನವೆಲ್ಲ ಊರಿನ ಮೆಟ್ಟಿಲು ಹತ್ತಿ ಇಳಿದ ಮನುಷ್ಯ ಅವರು. ಮೇಲೆ ಅದೇ ಅಧಿಕಾರಿಣಿ ಸಿಕ್ಕರು. ಒಳ್ಳೆಯ ಹೆಂಗಸು, ಅವರ ಮೇಲೆ ನನಗೆ ಸಿಟ್ಟಿಲ್ಲ. “ಅನುದಾನ ಸಮಿತಿ ಬೇರೆ, ಹೂಡಿಕೆ ಸಮಿತಿ ಬೇರೆ ಸಾರ್. ಒಬ್ಬರ ವಿಷಯದಲ್ಲಿ ಇನ್ನೊಬ್ಬರು ತಲೆಹಾಕೋ ಹಾಗಿಲ್ಲ. ನಡುವೆ ಗೋಡೆ ಇದೆ,” ಎಂದರು. ಗೋಡೆಯ ವಿಷಯ ಬಂದರೆ ನಾನು ಸುಮ್ಮನಿರಲಾರೆ, ಅದು ನನ್ನ ಕಸುಬು. ನಾನು ಆ ಗೋಡೆಯನ್ನು ನೋಡಿದೆ. ಪ್ಲೈವುಡ್ಡಿನದು. ಆ ಕಡೆಯವರು ಕೆಮ್ಮಿದರೆ ಈ ಕಡೆಯವರು ನೀರು ಕೊಡಬಹುದು. ಚಹಾ ತರುವ ಫ್ಲಾಸ್ಕು ಎರಡೂ ಕಡೆಗೆ ಒಂದೇ. ಚಹಾ ದಾಟುವ ಗೋಡೆಯನ್ನು ಒಂದು ಮಾತು ದಾಟಲಾರದೇ?

ಆಮೇಲೆ ನೀವೇ ಬಾಗಿಲಿಗೆ ಬಂದು ನನ್ನ ಬೆನ್ನು ತಟ್ಟಿದಿರಿ. “ನಿಮ್ಮ ಭಾವನವರ ನಿಧಿ ಬೆಳೀತಾ ಇದೆಯಲ್ಲ, ಸಂತೋಷ ಪಡಿ,” ಎಂದಿರಿ. ಅಡುಗೆ ಮಾಡುವವಳನ್ನು ಮನೆಯಿಂದ ಹೊರಗೆ ಹಾಕಿ, ಪಾತ್ರೆ ಫಳಫಳ ಹೊಳೆಯುತ್ತಿದೆ ಎಂದು ಸಂತೋಷಪಡುವುದು ಹೇಗೆ ಎಂದು ನನಗೆ ಇನ್ನೂ ತಿಳಿದಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಆದರೆ ನಿಮ್ಮ ಔದಾರ್ಯ ಅಲ್ಲಿಗೆ ನಿಲ್ಲುವಂಥದ್ದೇ? ಹೋದ ವಾರ ‘ಸ್ಥಳಾಂತರ ನೆರವು’ ಎಂದು ಒಂದು ಮೊತ್ತ ಮಂಜೂರಾಯಿತು. ಅದೂ ಭಾವನ ನಿಧಿಯಿಂದಲೇ. ಚೆಕ್ ಹಿಡಿದುಕೊಂಡು ಅಕ್ಕ ನಿಮ್ಮ ಪಕ್ಕ ನಿಂತರೆ ಫೋಟೊ ತೆಗೆಸುವುದಾಗಿಯೂ ಹೇಳಿಕಳಿಸಿದಿರಿ. ಹೊಸ ಜಾಗವನ್ನೂ ನೀವೇ ನೋಡಿಟ್ಟಿದ್ದೀರಿ: ಮೊದಲ ಮಹಡಿಯಲ್ಲಿ ಒಂದು ಕೋಣೆ, ಗಾಳಿ ಬೆಳಕು ಬಹಳ ಚೆನ್ನಾಗಿದೆಯಂತೆ.

ಅಕ್ಕ ಅಧಿಕಾರಿಣಿಗೆ ಹೇಳಿದಳು: “ಗಾಳಿಗೆ ಬೆಳಕಿಗೆ ಮೆಟ್ಟಿಲು ಲೆಕ್ಕ ಇಲ್ಲ ತಾಯಿ, ಅವು ಹತ್ತಿಬಿಡ್ತವೆ. ನಮ್ಮೋರು ಹೇಗೆ ಹತ್ತೋದು?”

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರು ಎಂದು ನಮ್ಮ ಹಿರಿಯರು ಒಂದು ಮಾತು ಹೇಳುತ್ತಿದ್ದರು. ಅದು ಕಪಟಿಗಳಿಗೆ ಹೇಳಿದ ಮಾತು ಎಂದು ಇಷ್ಟು ದಿನ ತಿಳಿದಿದ್ದೆ. ನಿಮ್ಮನ್ನು ನೋಡಿದ ಮೇಲೆ ಅನ್ನಿಸುತ್ತದೆ, ಕಪಟವೂ ಬೇಕಿಲ್ಲ; ಚಿವುಟುವುದಕ್ಕೆ ಒಂದು ಸಮಿತಿ, ತೂಗುವುದಕ್ಕೆ ಇನ್ನೊಂದು ಸಮಿತಿ ಇದ್ದರೆ ಸಾಕು. ಇಬ್ಬರೂ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಬಹುದು. ಮಗು ಮಾತ್ರ ಅಳುತ್ತಿರುತ್ತದೆ, ವರದಿಯಲ್ಲಿ ಅದು ‘ಫಲಾನುಭವಿ’ ಆಗಿರುತ್ತದೆ.

ನಾನು ಹಳ್ಳಿಯಲ್ಲಿ ಕತೆ ಕೇಳಿ ಬೆಳೆದವನು, ಒಂದು ಕತೆ ಹೇಳದೆ ನನ್ನ ವಾದ ಮುಗಿಯುವುದಿಲ್ಲ. ಒಂದೂರಲ್ಲಿ ಒಬ್ಬ ಧರ್ಮಿಷ್ಠ ಯಜಮಾನನಿದ್ದನಂತೆ. ಊರಿನ ಮಕ್ಕಳಿಗೆ ಹಾಲು ಕೊಡಬೇಕೆಂದು ಒಂದು ಹಸು ಕಟ್ಟಿದ. ಹಸುವನ್ನು ಕೊಳ್ಳಲು ಊರವರೇ ದುಡ್ಡು ಹಾಕಿದರು. ಕತ್ತಲಾದರೆ ಆಳು ಹಸುವಿನ ಹಗ್ಗ ಬಿಚ್ಚುತ್ತಿದ್ದ. ಅದು ಊರವರ ಹೊಲಕ್ಕೇ ನುಗ್ಗಿ ಹೊಟ್ಟೆ ತುಂಬ ಮೇದು ಬರುತ್ತಿತ್ತು. ಬೆಳಗಾದರೆ ಯಜಮಾನ ಮನೆಮನೆಗೆ ಒಂದೊಂದು ಲೋಟ ಹಾಲು ಕಳಿಸುತ್ತಿದ್ದ. ಜನ ಕೈಮುಗಿದು ಕುಡಿದರು. ಪೈರು ಯಾಕೆ ಬರುತ್ತಿಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಒಬ್ಬ ಮುದುಕಿ ಹಾಲು ಕುಡಿದು ತುಟಿ ಒರೆಸಿಕೊಂಡು ಅಂದಳಂತೆ, “ಇದೇನಪ್ಪಾ, ಹಾಲಿನಲ್ಲಿ ನನ್ನ ಹೊಲದ ವಾಸನೆ ಬರ್ತಿದೆ!” ಯಜಮಾನನಿಗೆ ಕೋಪ ಬಂತು. “ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತೀಯಾ?” ಎಂದು ಗದರಿದ. ಮುದುಕಿ ಅಂದಳು, “ಹಲ್ಲು ಎಣಿಸ್ತಿಲ್ಲ ಮಗಾ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿರೋ ನನ್ನ ಜೋಳ ನೋಡ್ತಿದ್ದೀನಿ.”

ನೀವು ಏನು ಹೇಳುತ್ತೀರೆಂದು ಗೊತ್ತು. ಪ್ರತಿಷ್ಠಾನ ಒಳ್ಳೆಯ ಕೆಲಸವನ್ನೇ ಮಾಡಿಲ್ಲವೇ ಎನ್ನುತ್ತೀರಿ. ಮಾಡಿದೆ, ಸುಳ್ಳು ಹೇಳಲಾರೆ. ಗ್ರಂಥಾಲಯದ ಸೂರು ಸೋರುವುದು ನಿಂತದ್ದು ನಿಮ್ಮಿಂದ; ಆ ಚಾವಣಿಗೆ ಬಣ್ಣ ಹೊಡೆದವನು ನಾನೇ. ಹೆಚ್ಚು ಲಾಭ ತಂದರೆ ತಾನೇ ಹೆಚ್ಚು ದಾನ ಎನ್ನುತ್ತೀರಿ. ಆದರೆ ಆ ದಾನ ಯಾರಿಗೆ? ಲಾಭಕ್ಕಾಗಿ ಜಾಗ ಕಳೆದುಕೊಂಡವರಿಗೆ ತಾನೇ? ಹಾಗಾದರೆ ಅವರ ಜಾಗದಲ್ಲಿ ಅವರನ್ನು ಬಿಟ್ಟುಬಿಡುವುದು ಇನ್ನೂ ಅಗ್ಗವಾಗುತ್ತಿರಲಿಲ್ಲವೇ? ನಾವು ಷೇರು ಮಾರಿದರೆ ಇನ್ನೊಬ್ಬರು ಕೊಳ್ಳುತ್ತಾರೆ, ಏನು ಬದಲಾಗುತ್ತದೆ ಎನ್ನುತ್ತೀರಿ. ನಿಜ. ಹಾಗಾದರೆ ಮಾರಬೇಡಿ.

ಹೌದು, ಮಾರಬೇಡಿ. ನನ್ನ ಬೇಡಿಕೆ ಅದಲ್ಲ. ಷೇರು ಇರುವವರಿಗೆ ಕಂಪನಿಯ ಸಭೆಯಲ್ಲಿ ಎದ್ದುನಿಂತು ಮಾತಾಡುವ ಹಕ್ಕಿದೆ ಎಂದು ಪೋಸ್ಟಣ್ಣ ವಿಚಾರಿಸಿ ತಿಳಿದುಕೊಂಡಿದ್ದಾರೆ. ಆ ಸಭೆ ನಾವು ಖಾಲಿ ಮಾಡಬೇಕಾದ ದಿನಕ್ಕಿಂತ ಮೊದಲೇ ಬರುತ್ತದೆ. ಅಲ್ಲಿ ಎದ್ದುನಿಲ್ಲಿ. ‘ಇಡೀ ಕಟ್ಟಡ ನಿಮಗಿರಲಿ, ಆ ಅಗಲ ಬಾಗಿಲಿನ ಕೋಣೆ ಮಾತ್ರ ಹಳೆಯ ಬಾಡಿಗೆಗೇ ಅವರಿಗಿರಲಿ, ನಮ್ಮ ಲಾಭ ಅಷ್ಟು ಕಡಿಮೆಯಾದರೂ ಸರಿ’ ಎಂದು ಒಂದು ಸಲ ಬಾಯಿ ಬಿಟ್ಟು ಹೇಳಿ. ಹೇಳಿದರೂ ಅವರು ಕೇಳದೆ ಹೋಗಬಹುದು. ಆಗ ನಾವು ನಿಮ್ಮನ್ನು ದೂರುವುದಿಲ್ಲ. ಆದರೆ ಹೇಳುವುದೂ ಆಗದಿದ್ದರೆ, ನನ್ನ ಭಾವನ ಹೆಸರನ್ನು ನಿಮ್ಮ ಪಟ್ಟಿಯಿಂದ ಅಳಿಸಿ, ಅವರ ನಿಧಿಯನ್ನು ಗಾಲಿಗಳವರಿಗೆ ಹಿಂದಿರುಗಿಸಿ. ಮೂಲಧನ ಮುಟ್ಟುವಂತಿಲ್ಲ ಎನ್ನಬೇಡಿ. ನಮ್ಮ ಮೂಲಧನ ಆ ಕೋಣೆ. ಅದನ್ನು ಮುಟ್ಟಿಯಾಗಿದೆ. ಎರಡರಲ್ಲಿ ಯಾವುದು ಎಂಬುದನ್ನು ಕೆಳಗೆ, ರಸ್ತೆಯ ಮಟ್ಟದಲ್ಲಿ ಸಭೆ ಕರೆದು ಪೋಸ್ಟಣ್ಣನ ಎದುರಿಗೆ ಹೇಳಿ.

ನಿನ್ನೆ ನಾನು ಹೋದಾಗ ಅಕ್ಕ ಎಂದಿನಂತೆ ಕೆಲಸ ಮಾಡುತ್ತಿದ್ದಳು. ಒಬ್ಬಾಕೆ ತನ್ನ ತಾಯಿಯ ಕುರ್ಚಿ ತಂದು ಬಿಟ್ಟು, ಹಿಡಿಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಹೋದಳು. “ಇನ್ನು ಇದನ್ನು ಯಾಕೆ ತಗೊಂಡೆ? ಎಲ್ಲಿಡ್ತೀಯಾ?” ಎಂದೆ. ಅಕ್ಕ ತಲೆಯೆತ್ತದೆ, “ಬಿಟ್ಟುಹೋಗೋರಿಗೆ ಬೇಡ ಅನ್ನೋಕಾಗುತ್ತೇನೋ?” ಎಂದಳು.

ಆ ಕುರ್ಚಿಯನ್ನು ಅವಳು ಇನ್ನೂ ಬಿಚ್ಚಿಲ್ಲ. ಗಟ್ಟಿಮುಟ್ಟಾಗಿದೆ. ಅಧ್ಯಕ್ಷರೇ, ನಿಮಗೂ ವಯಸ್ಸಾಗುತ್ತಿದೆ. ವೇದಿಕೆ ಇಳಿಯುವಾಗ ಕಂಬಿ ಹಿಡಿದುಕೊಂಡದ್ದನ್ನು ನೋಡಿದೆ. ನಿಮಗೆ ಕೇಡು ಬಯಸುತ್ತಿಲ್ಲ. ನಾಳೆ ನೀವು ಬಂದರೂ ಅಕ್ಕ ಇಲ್ಲವೆನ್ನುವವಳಲ್ಲ, ಕೋಣೆ ಇದ್ದರೆ. ಆದರೆ ಅಲ್ಲಿಯ ನಿಯಮ ನಿಮಗೂ ಒಂದೇ: ಒಯ್ದವರು ಬಿಟ್ಟುಹೋಗಬೇಕು. ನೀವು ಈಗಾಗಲೇ ಒಂದು ಒಯ್ದಿದ್ದೀರಿ. ಏನು ಬಿಟ್ಟುಹೋಗುತ್ತೀರಿ?

ಇಂತಿ,
ಅಂದು ನಿಮ್ಮ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು