ದಯವಿಟ್ಟು ಲೈನಿನಲ್ಲೇ ಇರಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಅಮ್ಮನಿಗೆ,

ನಿನ್ನ ಚಿನಕುರಳಿಯಿಂದ ಸಾವಿರ ಮುತ್ತು. ಮದುವೆಯಾಗಿ ಎರಡು ತಿಂಗಳಾಯಿತು, ಒಂದು ಸಾಲೂ ಬರೆಯಲಿಲ್ಲ. ಎಷ್ಟು ಬೇಕಾದರೂ ಬೈದುಕೋ. ಆದರೆ ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದವಳು ನೀನೇ, ಅದಕ್ಕೆ ಈ ಪತ್ರದಲ್ಲಿರುವ ತಪ್ಪುಗಳಲ್ಲಿ ಅರ್ಧ ನಿನ್ನ ಪಾಲಿಗೆ!

ಅಣ್ಣ ಹೊರಗೆ ಇವರ ಜೊತೆ ಕಾಫಿ ಕುಡಿಯುತ್ತಾ ಕೂತಿದ್ದಾನೆ. ಸಂಜೆ ಅವನು ಹೊರಡುವುದರೊಳಗೆ ಬರೆದು ಅವನ ಕೈಯಲ್ಲೇ ಕಳಿಸುತ್ತೇನೆ. ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದ. "ಗಂಟಲಿನ ಗಂಟು ತೆಗೆದಾಯ್ತು ಕಣೆ. ಕೆಟ್ಟದ್ದೇನೂ ಅಲ್ವಂತೆ. ಆದ್ರೆ ಅಮ್ಮಂಗೆ ದನಿ ಹೋಗಿದೆ. ಬರೀ ಉಸಿರು ಬರುತ್ತೆ. ವಾಪಸ್ ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟರು."

ನಾನು ನಕ್ಕೆ ಅಮ್ಮ. ತಮಾಷೆ ಅಂದುಕೊಂಡೆ. ನಿನಗೆ ದನಿ ಹೋಗುವುದೆಂದರೇನು! ಆಮೇಲೆ ಅವನ ಮುಖ ನೋಡಿದೆ.

"ನಂಗ್ಯಾಕೆ ಹೇಳಲಿಲ್ಲ?" ಅಂತ ಕಿರುಚಿದೆ.

"ಅಮ್ಮನೇ ಬೇಡ ಅಂದ್ಲು. ಹೊಸದಾಗಿ ಮದುವೆಯಾದೋರು, ಸುತ್ತಾಡಿಕೊಂಡು ಬರಲಿ ಅಂದ್ಲು."

ಇವರು ತುಂಬಾ, ತುಂಬಾ ಒಳ್ಳೆಯವರು ಅಮ್ಮ. ಅನ್ನ ಸೀದರೂ "ಈ ಘಮ ಬೇರೆ ಯಾರ ಮನೇಲೂ ಸಿಗಲ್ಲ" ಅಂತ ಬಡಿಸಿಕೊಳ್ಳುತ್ತಾರೆ. ಇವರದೇ ಧ್ಯಾನದಲ್ಲಿ ಒಂದು ದಿನ ಹೋಟೆಲಿನಲ್ಲಿ ಗೆಸ್ಟ್ ಒಬ್ಬರಿಗೆ ರೂಮಿನ ಕೀ ಬದಲು ನಮ್ಮ ಮನೆ ಬೀಗದ ಕೈ ಕೊಟ್ಟುಬಿಟ್ಟೆ. ಅವರು ತಿರುಗಿಸಿ ನೋಡಿ, "ಮೇಡಂ, ಇದು ಯಾವ ಫ್ಲೋರು?" ಅಂದರು. ಮ್ಯಾನೇಜರ್ ಕೂಡ ನಕ್ಕರು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಗೊತ್ತಿಲ್ಲ. ನೀನು ನಗಲಿ ಅಂತ. ನಗಬಹುದು ತಾನೇ? ಹೊಲಿಗೆ ನೋಯುತ್ತದಾ?

ಡ್ಯೂಟಿಯಲ್ಲಿ ನಮ್ಮ ಮೊಬೈಲು ಲಾಕರಿನಲ್ಲಿರುತ್ತದೆ ಅಂತ ನೀನು ಹೋಟೆಲಿನ ನಂಬರಿಗೇ ಫೋನ್ ಮಾಡುತ್ತಿದ್ದೆ. ನಾನು "ನಮಸ್ಕಾರ, ರಿಸೆಪ್ಷನ್, ನಿಮಗೇನು ಸಹಾಯ ಬೇಕು?" ಅಂತ ರಾಗ ಎಳೆದರೆ, ನೀನು "ಸಹಾಯ ಏನೂ ಬೇಡ ತಾಯಿ, ನನ್ನ ಮಗಳು ಬೇಕು" ಅನ್ನುತ್ತಿದ್ದೆ. ಪಕ್ಕದ ಕುರ್ಚಿಯ ಹುಡುಗಿ "ನಿಮ್ಮಮ್ಮಂಗೆ ಫೋನ್ ಯಾಕೆ, ಕಿಟಕಿ ತೆಗೆದ್ರೆ ಸಾಕಲ್ಲ" ಅಂತ ರೇಗಿಸುತ್ತಿದ್ದಳು.

ಆ ಬುಧವಾರವೂ ನೀನು ಫೋನ್ ಮಾಡಿದೆ. "ಕೇಳೇ, ನಿನ್ನ ಹತ್ರ ಒಂದು ಮಾತಿದೆ" ಅಂದೆ. ನಾನು "ಒಂದ್ನಿಮಿಷ, ಲೈನಲ್ಲೇ ಇರಮ್ಮ" ಅಂತ ಹೋಲ್ಡ್ ಗುಂಡಿ ಒತ್ತಿದೆ. ಅಷ್ಟರಲ್ಲಿ ಪ್ರವಾಸದ ಬಸ್ಸೊಂದು ಬಂದು ನಿಂತಿತು. ಬ್ಯಾಗುಗಳೇ ಬ್ಯಾಗುಗಳು. ಒಬ್ಬರಿಗೆ ಕಿಟಕಿಯಿರುವ ರೂಮೇ ಬೇಕು, ಇನ್ನೊಬ್ಬರಿಗೆ ಗೊರಕೆ ಹೊಡೆಯುವ ಭಾವಮೈದುನ ಪಕ್ಕದ ರೂಮಿನಲ್ಲೂ ಬೇಡ. ಆ ಗಲಾಟೆಯಲ್ಲಿ ನಿನ್ನನ್ನು ಮರೆತೇಬಿಟ್ಟೆ.

ಅಣ್ಣ ಈಗ ಹೇಳಿದ, ನೀನು ಆಸ್ಪತ್ರೆಯ ಮಂಚದ ಮೇಲಿಂದ ಫೋನ್ ಮಾಡಿದ್ದಂತೆ. ನಮ್ಮ ಹೋಟೆಲಿನವರು ಕಾಯುವವರಿಗೆ ಕೇಳಿಸುವ ಆ ಪಿಟೀಲು ಮುಗಿದು ಮತ್ತೆ ಮೊದಲಿಂದ ಶುರುವಾಗುತ್ತಿತ್ತಂತೆ. ನರ್ಸು ಬಂದು "ಸಾಕಮ್ಮ, ಮಲಗಿ" ಅನ್ನುವವರೆಗೂ ಕಿವಿಗೆ ಹಿಡಿದುಕೊಂಡೇ ಇದ್ದೆಯಂತೆ. "ಪಾಪ, ಕೆಲಸ ಜಾಸ್ತಿ ಇರಬೇಕು" ಅಂತ ನನ್ನ ಪರವೇ ಮಾತಾಡಿದೆಯಂತೆ. ಮಾರನೆಯ ಬೆಳಿಗ್ಗೆ ನಿನ್ನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಅದೇ ಬೆಳಿಗ್ಗೆ ನಾವಿಬ್ಬರು ಸಮುದ್ರ ನೋಡಲು ರೈಲು ಹತ್ತಿದೆವು.

ಏನು ಹೇಳಬೇಕೆಂದಿದ್ದೆ ಅಮ್ಮ? ಫೋನಿನಲ್ಲಿ ಕೇಳುವ ಹಾಗಿಲ್ಲ. ಮಂಗಳವಾರ ಬರುತ್ತೇನೆ, ರಜೆ ಸಿಕ್ಕಿದೆ, ಇವರೂ ಬರುತ್ತಾರೆ. ಉಸಿರಿನಲ್ಲೇ ಹೇಳು, ನನ್ನ ಕಿವಿಯನ್ನು ನಿನ್ನ ಬಾಯಿಗೇ ತಂದಿಡುತ್ತೇನೆ.

ಬೇಗ ಹುಷಾರಾಗು. ಇಡೀ ಬೀದಿಗೆ ಕೇಳುವ ಹಾಗೆ ನನ್ನನ್ನು ಬೈಯುವಂತಾಗು. ನಿನ್ನ ಕೈ ನಮ್ಮಿಬ್ಬರ ತಲೆಯ ಮೇಲಿರಲಿ.

ನಿನ್ನದೇ,
ಚಿನಕುರಳಿ

ಮತ್ತೆ: ಅಮ್ಮಾ, ಕವರು ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಬಸ್ಸಿನವರು ಬಂದದ್ದು ನಿಜ, ಆದರೆ ನೀನು ಫೋನ್ ಇಟ್ಟ ಮೇಲೆ. ನೀನು ಲೈನಿನಲ್ಲಿ ಕಾಯುತ್ತಿದ್ದಾಗ ಕೌಂಟರಿನ ಮುಂದೆ ಒಬ್ಬರೂ ಇರಲಿಲ್ಲ. ಗಂಟಿನ ವಿಷಯ ನೀನು ಹಿಂದಿನ ವಾರವೇ ಹೇಳಿದ್ದೆಯಲ್ಲ, ನಾನೇ "ಏನೂ ಆಗಲ್ಲ ಬಿಡಮ್ಮ" ಅಂದಿದ್ದೆ. ಈ ಸಲ "ಬಂದು ಜೊತೆಗಿರೇ" ಅನ್ನುತ್ತೀಯೆಂದು ನಿನ್ನ ದನಿಯಲ್ಲೇ ಗೊತ್ತಾಯಿತು. ನೀನು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನಲು ನನ್ನಿಂದ ಆಗುತ್ತಿರಲಿಲ್ಲ. ಕೇಳದೇ ಇದ್ದರೆ ರೈಲು ಹತ್ತಬಹುದಿತ್ತು. ನಿನ್ನ ಲೈನಿನ ಕೆಂಪು ದೀಪ ಮಿಣುಕುತ್ತಲೇ ಇತ್ತು. ನಾನು ಕೈಕಟ್ಟಿಕೊಂಡು ಅದನ್ನೇ ನೋಡುತ್ತಾ ಕೂತಿದ್ದೆ. ಅದು ಆರಿದಾಗ ನನಗೆ ಹಾಯೆನಿಸಿತು.