ಗೊತ್ತಿದ್ದರೂ ಕೇಳಬೇಕು

ಲೈಲ್, ಇಲಿನಾಯ್
ಅಕ್ಟೋಬರ್ 10, 2024
ಗುರುವಾರ ಮಧ್ಯಾಹ್ನ

ಪ್ರೀತಿಯ ಅಶ್ವಥ್,

ಕಾಗದ ನೋಡಿ ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಫೋನಿನಲ್ಲಿ ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ನೀನು ಪರಿಹಾರ ಕಂಡುಹಿಡಿದುಬಿಡುತ್ತೀಯ. ಡಿಯರ್‌ಬಾರ್ನ್‌ನಲ್ಲಿ ಕಾರ್ ಕಂಪನಿ ನಿನಗೆ ಸಂಬಳ ಕೊಡುವುದೇ ಅದಕ್ಕೆ. ಕಾಗದವಾದರೆ ನಡುವೆ ಬಾಯಿ ಹಾಕಲಾಗುವುದಿಲ್ಲ. ಆಸ್ಪತ್ರೆಗೆ ಹಾಕಿಕೊಳ್ಳುವ ಸ್ಕ್ರಬ್ಸ್ ಒಗೆಯಲು ಹಾಕಿ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಕೂತಿದ್ದೇನೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಕಾರಿನವರೆಗೆ ಹೋಗಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಭಾನುವಾರ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಶುಕ್ರವಾರ ಕೋರ್ಸಿಂದ ವಿತ್‌ಡ್ರಾ ಮಾಡೋಕೆ ಲಾಸ್ಟ್ ಡೇಟ್ ಅಲ್ವಾ? ಮಾಡ್ಬಿಡು ನಿರೂ. ನಲವತ್ನಾಲ್ಕಕ್ಕೆ ಇದೆಲ್ಲಾ ಬೇಕಾ? ಸಾಕೇತ್‌ದು ಹೈಸ್ಕೂಲಲ್ಲಿ ಕೊನೇ ವರ್ಷ, ಇಬ್ರೂ ಫ್ರೋಜನ್ ಚಪಾತಿ ತಿನ್ಕೊಂಡು ಬಿದ್ದಿದೀವಿ." ಹಿಂದಿನಿಂದ ಸಾಕೇತ್ "ಐ ಲೈಕ್ ದ ಚಪಾತೀಸ್, ಡ್ಯಾಡ್" ಅಂದದ್ದು ನನಗೂ ಕೇಳಿಸಿತು. ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ. ನಿನ್ನ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಎದುರಿಸುವುದು ಸುಲಭವಾಗುತ್ತಿತ್ತು.

ಯಾಕೆ ಸೇರಿದೆ ಅಂತ ನೀನು ಎಷ್ಟೋ ಸಲ ಕೇಳಿದ್ದೀಯ. ಲಿವೋನಿಯಾದ ಆಫೀಸಿನಲ್ಲಿ ವರ್ಷಗಟ್ಟಲೆ ಇನ್ಶೂರೆನ್ಸ್ ಕ್ಲೇಮುಗಳ ಅಂಕಿಅಂಶ ಮಾಡಿದ ಮೇಲೆ ಆ ಅಂಕಿಗಳ ಹಿಂದಿರುವವರನ್ನು ಎದುರಿಗೆ ನೋಡಬೇಕೆನಿಸಿತು. ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಓದಿದವಳನ್ನು ಒಂದೂವರೆ ವರ್ಷದಲ್ಲಿ ನರ್ಸ್ ಮಾಡಿ, ಕೈಗೊಂದು ಮಾಸ್ಟರ್ಸ್ ಕೊಟ್ಟು ಕಳಿಸುವ ಈ ಓಟದ ಕೋರ್ಸು ನನ್ನ ವಯಸ್ಸಿನವರಿಗಲ್ಲವೇನೋ ಎಂದು ವಾರಕ್ಕೊಮ್ಮೆಯಾದರೂ ಅನ್ನಿಸುತ್ತದೆ. ಈ ವಾರ ದಿನಾ ಅನ್ನಿಸಿದೆ.

ಮಂಗಳವಾರ ಸಂಜೆ "ಎಲ್ಲಾ ಚೆನ್ನಾಗಿದೆ" ಅಂದೆನಲ್ಲ, ಅದು ಸುಳ್ಳು.

ಅವತ್ತು ಆಸ್ಪತ್ರೆಯ ತರಬೇತಿಯಲ್ಲಿ ನನ್ನ ಪಾಲಿಗೆ ಬಂದ ರೋಗಿ ನಮ್ಮ ಲೆಮಾಂಟ್ ಆಂಟಿ. ಲೆಮಾಂಟಿನ ದೇವಸ್ಥಾನಕ್ಕೆ ನಾವು ಹಬ್ಬಕ್ಕೆ ಹೋದಾಗಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಯಾರು ಏನು ಬಡಿಸಬೇಕೆಂದು ಗದರುತ್ತಾರಲ್ಲ, ಅವರೇ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ರೋಗಿಗಳ ವಿಷಯ ಮನೆಯವರಿಗೂ ಹೇಳುವಂತಿಲ್ಲ. ಆದರೆ ಅವರೇ "ಅಶ್ವಥ್‌ಗೆ ಎಲ್ಲಾ ಹೇಳು, ಒಂದು ಫೋನ್ ಮಾಡ್ಲಿ, ಸೊಕ್ಕು" ಅಂದಿದ್ದಾರೆ. ಮಾಡು.

ಔಷಧಿ ಕೊಡುವ ಮುಂಚೆ ರೋಗಿಯ ಬಾಯಿಂದಲೇ ಹೆಸರು, ಹುಟ್ಟಿದ ತಾರೀಖು ಹೇಳಿಸಿ, ಕೈಪಟ್ಟಿಯಲ್ಲಿರುವುದರ ಜೊತೆ ತಾಳೆ ನೋಡಬೇಕು. ಎಷ್ಟು ಪರಿಚಯದವರಾದರೂ ಸರಿ, ಪ್ರತಿ ಸಲವೂ ಕೇಳಬೇಕು. ಮೊದಲ ವಾರವೇ ಕಲಿಸಿದ ಪಾಠ. ನಾನು ಒಳಗೆ ಹೋದೆ. ನನ್ನನ್ನು ನೋಡಿದ್ದೇ ಆಂಟಿ ವಾರ್ಡಿಗೇ ಕೇಳುವಂತೆ ಕೂಗಿದರು: "ಅಯ್ಯೋ ನಿರುಪಮಾ, ನೀನೇನೇ? ಇದೇನೇ ವೇಷ? ಅಶ್ವಥ್ ಕೆಲಸ ಹೋಯ್ತಾ?"

ನನಗೆ ಬೇಗ ಮುಗಿಸಿ ಹೊರಗೆ ಹೋದರೆ ಸಾಕಾಗಿತ್ತು. "ಆಂಟಿ, ಮೊದ್ಲು ಮಾತ್ರೆ ತಗೊಳ್ಳಿ" ಎಂದು ಮಾತ್ರೆಯ ಕಪ್ ಅವರ ಬಾಯಿಯ ಹತ್ತಿರ ಹಿಡಿದೆ. ನಮ್ಮ ಮೇಲ್ವಿಚಾರಕಿ ಯೋಲಾಂಡಾ ಹಿಂದಿನಿಂದ ಬಂದು ಕಪ್ಪಿನ ಮೇಲೆ ಅಂಗೈ ಮುಚ್ಚಿದಳು.

ಕಾರಿಡಾರಿನಲ್ಲಿ, ಪರಿಚಯದವರಾ ಎಂದು ಕೇಳಿದಳು. ಹೌದು, ನಮಗೆಲ್ಲ ಆಂಟಿ ಇದ್ದ ಹಾಗೆ, ನಮ್ಮಲ್ಲಿ ಹಿರಿಯರನ್ನು ನಿಮ್ಮ ಹೆಸರೇನು ಅಂತ ಕೇಳುವುದು ಮರ್ಯಾದೆಯಲ್ಲ ಎಂದೆ. ಹಾಗಾದರೆ ಅವರ ಹೆಸರು ನೀನೇ ಹೇಳು ಎಂದಳು.

ಅಶ್ವಥ್, ನನಗೆ ಗೊತ್ತಿರಲಿಲ್ಲ. ಸಾಕೇತ್ ಅಂಬೆಗಾಲಿಡುತ್ತಿದ್ದಾಗಿನಿಂದ ಅವರ ಕೈಯ ಪುಳಿಯೋಗರೆ ತಿಂದಿದ್ದೇವೆ. ನಿನಗೆ ಗೊತ್ತಿದೆಯಾ?

ಮಾತ್ರೆ ಅವರದ್ದೇ ಆಗಿತ್ತು. ಆದರೆ ಅದು ರಕ್ತ ಹೆಪ್ಪುಗಟ್ಟದಂತೆ ಕೊಡುವುದು, ಬೇರೆಯವರ ಬಾಯಿಗೆ ಬಿದ್ದಿದ್ದರೆ ರಕ್ತಸ್ರಾವ ನಿಲ್ಲದೇ ಹೋಗಬಹುದಿತ್ತು. ನನಗೆ ಲಿಖಿತ ಎಚ್ಚರಿಕೆ ಬಂತು. ಇವತ್ತು ಬೆಳಿಗ್ಗೆ ಅದೇ ಕೆಲಸ ಮತ್ತೆ ಮಾಡಿ ತೋರಿಸಬೇಕಾಗಿತ್ತು. ತಪ್ಪಿದರೆ ಕೋರ್ಸಿನಿಂದಲೇ ಹೊರಗೆ. ನೀನು ಬಯಸಿದ್ದು ನೀನು ಕೇಳದೆಯೇ ಆಗಿಬಿಡುತ್ತಿತ್ತು. ಒಂದು ಗಳಿಗೆ, ಹಾಗೇ ಆಗಲಿ ಅಂತಲೂ ಅನ್ನಿಸಿತು. ಆಮೇಲೆ ಯಾರೂ ನನ್ನನ್ನು ದೂರುವಂತಿಲ್ಲ, ನಾನೂ ನಿರ್ಧರಿಸಬೇಕಾಗಿಲ್ಲ.

ಇವತ್ತು ಯೋಲಾಂಡಾ ಪಕ್ಕದಲ್ಲೇ ನಿಂತಿದ್ದಳು. ಆಂಟಿಯನ್ನು ಹೆಸರು ಕೇಳಿದೆ.

"ಏನೇ, ಮೊನ್ನೆ ಗೊತ್ತಿದ್ದೋಳು ಇವತ್ತು ಮರ್ತ್ಯಾ?"

"ಗೊತ್ತಿದ್ರೂ ಕೇಳ್ಬೇಕು ಆಂಟಿ."

"ಅನಸೂಯ. ಅನಸೂಯ ಚಿದಂಬರ. ಬರ್ಕೋ."

"ಹುಟ್ಟಿದ ತಾರೀಖು?"

"ನಿಜದ್ದು ಬೇಕೋ, ಸ್ಕೂಲಿಗೆ ಸೇರಿಸ್ದಾಗ ನಮ್ಮಪ್ಪ ಬರೆಸಿದ್ದೋ?"

"ಪಾಸ್‌ಪೋರ್ಟಲ್ಲಿ ಇರೋದು."

"ಜೂನ್ ಒಂದು, ನಲವತ್ತೆಂಟು. ನಮ್ ಕಾಲದಲ್ಲಿ ಎಲ್ರೂ ಜೂನ್ ಒಂದಕ್ಕೇ ಹುಟ್ತಿದ್ವಿ." ಅದನ್ನೇ ಯೋಲಾಂಡಾಗೆ ಇಂಗ್ಲಿಷಿನಲ್ಲೂ ಹೇಳಿ ಅವಳನ್ನೂ ನಗಿಸಿದರು. ಕೈಪಟ್ಟಿ ಸರಿಹೋಯಿತು. ಮಾತ್ರೆ ನುಂಗಿ ನೀರು ಕುಡಿದರು. ನಾನು ಪಾಸಾದೆ.

ಹೊರಡುವ ಮುಂಚೆ ಅವರ ಮೊನ್ನೆಯ ಪ್ರಶ್ನೆಗೆ ಉತ್ತರ ಕೊಟ್ಟೆ. ಅಶ್ವಥ್ ಕೆಲಸ ಹೋಗಿಲ್ಲ ಆಂಟಿ, ನಾನೇ ಇಷ್ಟಪಟ್ಟು ನರ್ಸಿಂಗ್ ಓದ್ತಿದೀನಿ ಎಂದೆ. ಅವರು ಗದರಿದರು: "ಗಣೇಶನ ಹಬ್ಬಕ್ಕೆ ಬಂದಾಗ ಹೆಲ್ತ್‌ಕೇರ್‌ನಲ್ಲಿ ಮಾಸ್ಟರ್ಸ್ ಅಂದ್ಯಲ್ಲೇ. ನಾನೇನೋ ಕಂಪ್ಯೂಟರ್ ಅಂದ್ಕೊಂಡೆ. ಬಿದ್ದ ಮೇಲೆ ಎರಡು ದಿನ ಮುಲಾಮು ಹಚ್ಕೊಂಡು ಕುಂಟ್ತಾ ಓಡಾಡ್ದೆ. ನಮ್ ಡಾಕ್ಟರುಗಳಿಗೆಲ್ಲ ಇಷ್ಟಕ್ಕೆ ಫೋನ್ ಮಾಡೋದು ಹೇಗೆ, ಸಂಕೋಚ. ನಮ್ ಹುಡ್ಗಿ ಒಬ್ಳು ನರ್ಸು ಅಂತ ಗೊತ್ತಿದ್ದಿದ್ರೆ ನಿಂಗೇ ಮಾಡ್ತಿದ್ನಲ್ಲೇ."

ಮುರಿದ ಮೂಳೆಯ ಮೇಲೆ ಎರಡು ದಿನ ಓಡಾಡಿದ್ದಾರೆ, ಅಶ್ವಥ್.

ಯೋಲಾಂಡಾಗೆ ನಾನು ಮರ್ಯಾದೆಯ ಕಾರಣ ಕೊಟ್ಟೆ. ಅದು ಮರ್ಯಾದೆಯಾಗಿರಲಿಲ್ಲ, ನಾಚಿಕೆಯಾಗಿತ್ತು. ನಮ್ಮವರಲ್ಲಿ ಮಗ ಡಾಕ್ಟರಾದರೆ ಊರಿಗೆಲ್ಲ ಸಿಹಿ ಹಂಚುತ್ತೇವೆ. ಸೊಸೆ ನರ್ಸೆಂದರೆ ದನಿ ತಗ್ಗಿಸುತ್ತೇವೆ. ನೀನೂ ನಿನ್ನ ಗೆಳೆಯ ರವಿಯ ಮನೆಯಲ್ಲಿ "ಹಾಸ್ಪಿಟಲ್ ಅಡ್ಮಿನಿಸ್ಟ್ರೇಶನ್" ಅಂದೆ. ಪಕ್ಕದಲ್ಲೇ ಕೂತಿದ್ದ ನಾನು ತಿದ್ದಲಿಲ್ಲ. ನಿನ್ನನ್ನು ದೂರುತ್ತಿಲ್ಲ. ಅಥವಾ ಸ್ವಲ್ಪ ದೂರುತ್ತಿದ್ದೇನೆ.

ಪಾಸಾದ ಮೇಲೆ ನೆಮ್ಮದಿಯಾಗಬೇಕಿತ್ತು, ಆಗಿಲ್ಲ. ಸಾಕೇತ್ ಮನೆಯಲ್ಲಿರುವ ಕೊನೆಯ ವರ್ಷ ಇದು, ಮತ್ತೆ ಬರುವುದಿಲ್ಲ. ಆ ಮಾತು ನಿಜ. ನೀನು ಒಬ್ಬನೇ ಮನೆಯ ಎರಡೂ ಕಡೆಯ ಭಾರ ಎಳೆಯುತ್ತಿರುವುದೂ ನಿಜ. ಕಾರಿನ ಹತ್ತಿರ ಹೋದಾಗಲೆಲ್ಲ, ಐ-94 ಹೆದ್ದಾರಿ ಹಿಡಿದರೆ ರಾತ್ರಿ ಊಟದ ಹೊತ್ತಿಗೆ ನಿಮ್ಮಿಬ್ಬರ ಜೊತೆ ಮನೆಯಲ್ಲಿರಬಹುದು ಅನ್ನಿಸುತ್ತದೆ. ಹಾಗೆ ಬಂದುಬಿಟ್ಟರೆ ಮತ್ತೆ ತಿರುಗಿ ಬರುವ ಧೈರ್ಯ ನನಗಿದೆಯಾ, ಗೊತ್ತಿಲ್ಲ. ಇನ್ನೂ ಏನೂ ನಿರ್ಧರಿಸಿಲ್ಲ. ನಿನಗೇನನ್ನಿಸುತ್ತದೆ ಎಂದು ನಿಧಾನವಾಗಿ ಯೋಚಿಸಿ ಹೇಳು.

ಒಂದು ಕೋರಿಕೆ. ರವಿಯ ಮನೆಗೆ ಮುಂದಿನ ಸಲ ಹೋದಾಗ ಯಾರಾದರೂ ಕೇಳಿದರೆ, ನರ್ಸಿಂಗ್ ಅನ್ನು. ಅಷ್ಟೇ ಅನ್ನು, ಆಮೇಲೆ ಏನೂ ಸೇರಿಸಬೇಡ.

ನಿನ್ನ
ನಿರುಪಮಾ

ತಾ.ಕ. ಇವತ್ತು ಶನಿವಾರ. ಕಾಗದ ಎರಡು ದಿನ ನನ್ನ ಬ್ಯಾಗಿನಲ್ಲೇ ಇತ್ತು, ಈಗ ಅಂಚೆಗೆ ಹಾಕುತ್ತಿದ್ದೇನೆ. ಕೋರ್ಸು ಬಿಡುವ ಗಡುವು ನಿನ್ನೆ ಸಂಜೆ ಮುಗಿಯಿತು, ನಾನು ಬಿಡಲಿಲ್ಲ. ನಿನ್ನೆ ನೀನು ಮೂರು ಸಲ ಫೋನ್ ಮಾಡಿದಾಗ ನಾನು ಕ್ಲಾಸಿನಲ್ಲಿರಲಿಲ್ಲ, ಫೋನು ಕೈಯಲ್ಲೇ ಇತ್ತು, ಬೇಕೆಂದೇ ಎತ್ತಲಿಲ್ಲ. ನೀನು ಒಂದು ಸಲ "ಬಾ ನಿರೂ" ಅಂದಿದ್ದರೆ ಬಂದುಬಿಡುತ್ತಿದ್ದೆ.